ಬರೆದುಕೊಡುವವರು ಬೇಡ, ಬಳಿಯಲ್ಲಿ ಕೂಡ್ರುವವರು ಬೇಕು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಮಕ್ಕಳ ತಾಯಿತಂದೆಗಳಲ್ಲಿಯೂ ಒಂದು ವಿಷಯವನ್ನು ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುವದಕ್ಕೆ ಈ ಸ್ಮರಣ ಸಂಚಿಕೆಯ ಕೆಲವು ಪುಟಗಳನ್ನು ಉಪಯೋಗಿಸುತ್ತಿದ್ದೇನೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಸೀಮೆಗಳಿಂದ ನಮ್ಮಲ್ಲಿಗೆ ಬರುವ ಬಾಲಿಕೆಯರು ಬುದ್ಧಿಯಲ್ಲಿ ಯಾರಿಗೂ ಕಡಿಮೆಯಾದವರಲ್ಲ. ಬಾಯಿಂದ ಕೇಳಿದರೆ ನೆಟ್ಟಗೆ ಉತ್ತರ ಕೊಡುವರು. ಹೊಲದ, ಗಣಿಯ, ಸಂತೆಯ ಸಂಗತಿಗಳನ್ನು ಕಣ್ಣಿಗೆ ಕಟ್ಟುವಂತೆ ಹೇಳುವರು. ಆದರೆ ಕಾಗದವನ್ನು ಮುಂದಿಟ್ಟೊಡನೆ ಅವರ ಮಾತು ನಿಂತುಹೋಗುವದು. ಪೇಟೆಯ ಮಾರ್ಗದರ್ಶಿಯಲ್ಲಿ ಅಚ್ಚಾದ ಪ್ರಬಂಧವು ಅವರ ಬಾಯಲ್ಲಿದ್ದ ಮಾತಿನ ಸ್ಥಳವನ್ನು ಆಕ್ರಮಿಸುವದು. ಪರೀಕ್ಷೆಯಲ್ಲಿ ಅಂಕಗಳೇನೋ ಬರುವವು. ಬರೆದವಳು ಮಾತ್ರ ಆ ಬರಹದಲ್ಲಿ ಎಲ್ಲಿಯೂ ಇರುವದಿಲ್ಲ.

ಈ ಸ್ಥಿತಿಗೆ ನಮ್ಮ ಪ್ರಾಂತದ ಇತಿಹಾಸದಲ್ಲಿಯೂ ಒಂದು ಕಾರಣವುಂಟು. ೧೯೪೮ ನೆಯ ಇಸವಿಯ ಸೆಪ್ಟೆಂಬರ ೧೭ ರ ವರೆಗೆ ಈ ಸೀಮೆಯು ನಿಜಾಮರ ಆಳಿಕೆಯಲ್ಲಿದ್ದಿತು. ಕಚೇರಿಯ ಭಾಷೆ ಉರ್ದು. ೧೯೧೮ ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಶಿಕ್ಷಣ ಮಾಧ್ಯಮವೂ ಆಗ ಉರ್ದುವೇ. ಮನೆಯಲ್ಲಿ ಕನ್ನಡವನ್ನಾಡುವ ರೈತನು ತನ್ನ ಹೊಲದ ತಕರಾರನ್ನು ಸರಕಾರಕ್ಕೆ ತಿಳಿಸಬೇಕಾದರೆ ಕಚೇರಿಯ ಮುಂದೆ ಕುಳಿತ ಅರ್ಜಿನವೀಸನ ಬಳಿಗೆ ಹೋಗಬೇಕಾಗಿದ್ದಿತು. ಇವನು ತನ್ನ ದುಃಖವನ್ನು ಕನ್ನಡದಲ್ಲಿ ಹೇಳುವನು. ಆತನು ತನಗೆ ತೋರಿದಂತೆ ಉರ್ದುವಿನಲ್ಲಿ ಬರೆಯುವನು. ಕೊನೆಗೆ ಇವನು ಹೆಬ್ಬೆಟ್ಟನ್ನೊತ್ತುವನು. ಕಾಗದದಲ್ಲಿ ಏನಿದೆಯೆಂಬುದು ಹೆಬ್ಬೆಟ್ಟೊತ್ತಿದವನಿಗೆ ತಿಳಿಯದು. ಅರ್ಜಿನವೀಸನು ಕೆಟ್ಟವನೆಂದು ನಾನು ಹೇಳುವದಿಲ್ಲ. ಅಕ್ಷರವಿಲ್ಲದ ಕಾಲದಲ್ಲಿ ಆತನು ಎಷ್ಟೋ ಜನರಿಗೆ ಉಪಕಾರಿಯೇ ಆಗಿದ್ದನು. ಆದರೆ ಆತನ ಬಳಿಗೆ ಹತ್ತು ಸಾರೆ ಹೋಗಿಬಂದರೂ ರೈತನಿಗೆ ಬರವಣಿಗೆ ಬರಲಿಲ್ಲವೆಂಬುದನ್ನು ಮರೆಯಬಾರದು.

೧೯೫೬ ರ ನವೆಂಬರ ೧ ರಂದು ನಾವು ಕನ್ನಡನಾಡಿನೊಡನೆ ಒಂದಾದೆವು. ಊರೂರಿಗೆ ಕನ್ನಡ ಶಾಲೆಗಳು ಬಂದವು. ೧೯೮೦ ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವೂ, ೨೦೦೯ ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೂ ನಮ್ಮ ಜಿಲ್ಲೆಗೆ ದೊರೆತವು. ಇಷ್ಟಾದರೂ ಅರ್ಜಿನವೀಸನು ನಮ್ಮನ್ನು ಬಿಟ್ಟುಹೋಗಿಲ್ಲ. ಆತನು ವೇಷವನ್ನು ಮಾತ್ರ ಬದಲಿಸಿದ್ದಾನೆ. ತಂಗಿಯ ವಿದ್ಯಾರ್ಥಿವೇತನದ ಅರ್ಜಿಯನ್ನು ಅಣ್ಣನು ಬರೆದುಕೊಡುವನು. ಮಗಳ ಭಾಷಣವನ್ನು ತಂದೆಯು ಬರೆದುಕೊಡುವನು. ಪ್ರಬಂಧವನ್ನು ಮಾರ್ಗದರ್ಶಿಯು ಬರೆದುಕೊಡುವದು. ೨೦೨೨ ರ ನವೆಂಬರದಿಂದೀಚೆಗೆ, ಕೇಳಿದ ಕ್ಷಣದಲ್ಲಿ ಯಾವ ವಿಷಯದ ಮೇಲಾದರೂ ಪುಟಗಟ್ಟಲೆ ಬರೆದುಕೊಡುವ ಯಂತ್ರವೂ ಮನೆಮನೆಯ ಮೊಬೈಲಿನಲ್ಲಿ ಬಂದು ಕುಳಿತಿದೆ. ನಮ್ಮ ಹೆಣ್ಣುಮಕ್ಕಳು ಈಗ ಹೆಬ್ಬೆಟ್ಟಿನ ಬದಲಾಗಿ ಮುದ್ದಾದ ಅಕ್ಷರಗಳಲ್ಲಿ ಸಹಿ ಮಾಡುತ್ತಾರೆ. ಆದರೆ ಮೇಲಿನ ಬರಹವು ಪರರದೇ.

ಹಾಗಾದರೆ ಸಹಾಯವನ್ನೇ ಮಾಡಬಾರದೋ? ಮಾಡಬೇಕು, ಆದರೆ ಅದರ ರೀತಿ ಬೇರೆ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಪರದೇಶದ ವಿಶ್ವವಿದ್ಯಾಲಯವೊಂದರಲ್ಲಿ ಓದುತ್ತಾ, ಅಲ್ಲಿಯ ಬರವಣಿಗೆಯ ಕೇಂದ್ರದಲ್ಲಿ ಸಲಹೆಗಾರಳಾಗಿ ಕೆಲಸ ಮಾಡುತ್ತಿರುವದಾಗಿ ನಮಗೆ ಪತ್ರ ಬರೆದಿದ್ದಾಳೆ. ಆ ಕೆಲಸದ ಕ್ರಮವು ತಿಳಿಯತಕ್ಕದ್ದಾಗಿದೆ. ವಿದ್ಯಾರ್ಥಿಯು ತನ್ನ ಅರೆಬರೆ ಬರಹವನ್ನು ತೆಗೆದುಕೊಂಡು ಬರುವನು. ಸಲಹೆಗಾರಳು ಆತನ ಎದುರಿಗಲ್ಲ, ಪಕ್ಕದಲ್ಲಿ ಕೂಡ್ರುವಳು. ನಿನಗೆ ಕೊಟ್ಟ ವಿಷಯವೇನು, ಇದನ್ನು ಓದುವವರು ಯಾರು, ನೀನು ಹೇಳಬೇಕೆಂದಿರುವದು ಏನು ಎಂದು ಮೊದಲು ಕೇಳುವಳು. ತರುವಾಯ ಬರಹವನ್ನು ಗಟ್ಟಿಯಾಗಿ ಓದಿಸುವಳು. ಓದುತ್ತಾ ಓದುತ್ತಾ ಎಷ್ಟೋ ತಪ್ಪುಗಳು ಬರೆದವನ ಕಿವಿಗೇ ಬೀಳುವವು. ಅಭಿಪ್ರಾಯವು ಸ್ಪಷ್ಟವಾಗಿದೆಯೇ, ಒಂದರ ಹಿಂದೆ ಒಂದು ಕ್ರಮವಾಗಿ ಬಂದಿದೆಯೇ, ಹೇಳಿದ್ದಕ್ಕೆ ಆಧಾರವಿದೆಯೇ ಎಂಬ ದೊಡ್ಡ ಸಂಗತಿಗಳು ಮೊದಲು. ಕಾಗುಣಿತವೂ ವಿರಾಮಚಿಹ್ನೆಗಳೂ ಆಮೇಲೆ. ತೆಗೆದುಹಾಕಬೇಕಾದ ವಾಕ್ಯದ ಕಾಗುಣಿತವನ್ನು ತಿದ್ದುತ್ತಾ ಕೂಡ್ರುವದರಿಂದ ಪ್ರಯೋಜನವೇನು? ಇಷ್ಟೆಲ್ಲ ನಡೆಯುವಾಗಲೂ ಲೇಖನಿಯು ಬರೆದವನ ಕೈಯಲ್ಲಿಯೇ ಇರುವದು. ಸಲಹೆಗಾರಳು ಅಂಕ ಕೊಡುವವಳಲ್ಲ, ಅಂಕದ ಭರವಸೆ ಕೊಡುವವಳೂ ಅಲ್ಲ. ಅರ್ಧ ಅಥವಾ ಮುಕ್ಕಾಲು ತಾಸಿನ ಕೊನೆಗೆ, ಮನೆಗೆ ಹೋಗಿ ಮುಂದೆ ಏನು ಮಾಡುವಿ ಎಂಬುದನ್ನು ವಿದ್ಯಾರ್ಥಿಯ ಬಾಯಿಂದಲೇ ಹೇಳಿಸಿ ಕಳುಹಿಸಿಕೊಡುವಳು.

ಅಮೇರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ೧೯೩೦ ರ ದಶಕದಲ್ಲಿಯೇ ಬರವಣಿಗೆಯ ಪ್ರಯೋಗಶಾಲೆಯಿದ್ದಿತು. ಪರ್ಡ್ಯೂ ವಿಶ್ವವಿದ್ಯಾಲಯದ್ದು ೧೯೭೬ ರಲ್ಲಿ ಆರಂಭವಾಯಿತು. ಸ್ಟೀಫನ್ ನಾರ್ಥ್ ಎಂಬ ಪ್ರಾಧ್ಯಾಪಕರು ೧೯೮೪ ರಲ್ಲಿ ಬರೆದ ಲೇಖನವೊಂದರಲ್ಲಿ ಈ ಕೇಂದ್ರಗಳ ಉದ್ದೇಶವನ್ನು ವಿವರಿಸಿದರು. ಬರಹವನ್ನು ಸುಧಾರಿಸುವದಲ್ಲ, ಬರೆಯುವವರನ್ನು ಸುಧಾರಿಸುವದೇ ಇವುಗಳ ಕೆಲಸವೆಂಬುದು ಅವರ ಮತದ ತಾತ್ಪರ್ಯ. ನಮ್ಮ ದೇಶದಲ್ಲಿಯೂ ಹರಿಯಾಣದ ಸೋನೀಪತದಲ್ಲಿರುವ ಅಶೋಕ ವಿಶ್ವವಿದ್ಯಾಲಯವು ಇಂತಹ ಕೇಂದ್ರವನ್ನು ನಡೆಸುತ್ತದೆ.

ಇದು ಪರದೇಶದ ಹೊಸ ಸಂಪ್ರದಾಯವು, ನಮಗೇಕೆ ಎಂದು ಕೆಲವರು ಕೇಳಬಹುದು. ಅಂಥವರು ಸೇಡಂ ತಾಲೂಕಿನ ಮಳಖೇಡವನ್ನು ನೆನೆಯಬೇಕು. ಕಾಗಿಣಾ ನದಿಯ ದಂಡೆಯ ಈ ಊರು ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಅವನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ 'ಕವಿರಾಜಮಾರ್ಗ'ವು ಇಂದು ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದು. ಅದು ಕಥೆಯ ಗ್ರಂಥವಲ್ಲ. ಬರೆಯುವದು ಹೇಗೆ, ಬರೆಯುವಾಗ ಯಾವ ದೋಷಗಳನ್ನು ಬಿಡಬೇಕು ಎಂಬುದನ್ನು ತಿಳಿಸುವ ಗ್ರಂಥ. ಕಣ್ಣು ತನ್ನಲ್ಲಿರುವ ಕಾಡಿಗೆಯನ್ನು ತಾನು ಕಾಣದಿರುವಂತೆ ಕವಿಯು ತನ್ನ ತಪ್ಪನ್ನು ತಾನು ಕಾಣಲಾರನು, ಆದುದರಿಂದ ಇನ್ನೊಬ್ಬರ ಸಹಾಯವು ಬೇಕು ಎಂಬ ಅಭಿಪ್ರಾಯವು ಅದರಲ್ಲಿದೆ. ಬರವಣಿಗೆಯ ಸಲಹೆಗಾರಳ ಉದ್ಯೋಗಕ್ಕೆ ಇದಕ್ಕಿಂತ ಉತ್ತಮವಾದ ಸಮರ್ಥನೆಯು ಬೇರೆಲ್ಲಿ ದೊರೆತೀತು? ಕಾಡಿಗೆಯು ಹರಡಿದೆಯೆಂದು ಗೆಳತಿಯು ಹೇಳಬಹುದು, ಒರೆಸಿಕೊಳ್ಳುವವಳು ಹಚ್ಚಿಕೊಂಡವಳೇ.

ನಮ್ಮ ಶಾಲೆಯಲ್ಲಿ ಈ ಕ್ರಮವು ಹೇಗೆ ಫಲಿಸುವದೆಂಬುದಕ್ಕೆ ಒಂದು ಉದಾಹರಣೆಯನ್ನು ಕೊಡುತ್ತೇನೆ. ಚಿಂಚೋಳಿಯ ಕಡೆಯ ಒಬ್ಬ ಬಾಲಿಕೆಯು ಮಳೆಗಾಲದ ಮೇಲೆ ಪ್ರಬಂಧವನ್ನು ಬರೆದು ತಂದಳು. ಅದರಲ್ಲಿ ನವಿಲು ಕುಣಿಯುತ್ತಿದ್ದಿತು, ಭೂದೇವಿಯು ಹಸಿರು ಸೀರೆಯನ್ನು ಉಟ್ಟಿದ್ದಳು. ಎಲ್ಲವೂ ಮಾರ್ಗದರ್ಶಿಯಿಂದ ಬಂದದ್ದು. ನಿಮ್ಮ ಊರಲ್ಲಿ ಮಳೆ ಬಂದರೆ ಏನಾಗುವದು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಲ್ಲಾಮಾರಿ ಹೊಳೆಗೆ ನೀರು ಬಂದರೆ ದಾರಿ ಕಟ್ಟಾಗುವದೆಂದೂ, ಎರೆಹೊಲದ ರಾಡಿಯು ಕಾಲಿಗೆ ಮೆತ್ತಿ ಚಪ್ಪಲಿಯೇ ಹರಿದುಹೋಗುವದೆಂದೂ, ತೊಗರಿಯಲ್ಲಿ ನೀರು ನಿಂತರೆ ಅವ್ವನು ಊಟವನ್ನೇ ಮಾಡುವದಿಲ್ಲವೆಂದೂ ಹೇಳಿದಳು. ಇದನ್ನೇಕೆ ಬರೆಯಲಿಲ್ಲವೆಂದರೆ, "ಇದನ್ನೂ ಬರೀಬಹುದೇನ್ರಿ?" ಎಂದಳು. ಮರುದಿನ ತಂದ ಪ್ರಬಂಧದಲ್ಲಿ ತಪ್ಪುಗಳು ಮೊದಲಿನದಕ್ಕಿಂತ ಹೆಚ್ಚಾಗಿಯೇ ಇದ್ದವು. ಆದರೆ ಅದು ಅವಳದಾಗಿದ್ದಿತು. ತಪ್ಪುಗಳನ್ನು ಇಬ್ಬರೂ ಕೂಡಿ ನೋಡಿದೆವು. ಅವಳು ಬೇಸರವಿಲ್ಲದೆ ತಿದ್ದಿಕೊಂಡಳು. ಪರರ ಪ್ರಬಂಧವನ್ನು ಯಾರೂ ಅಷ್ಟು ಪ್ರೀತಿಯಿಂದ ತಿದ್ದುವದಿಲ್ಲ.

ರಾಡಿ ಎಂಬ ಶಬ್ದವನ್ನು ಹೊಡೆದುಹಾಕಿ ಕೆಸರು ಎಂದು ಬರೆಯಿಸಬೇಕೋ ಎಂಬ ಪ್ರಶ್ನೆಯು ಇಲ್ಲಿ ಏಳುವದು. ನನ್ನ ಅಭಿಪ್ರಾಯದಲ್ಲಿ ಎರಡನ್ನೂ ತಿಳಿಸಿ, ಎಲ್ಲಿ ಯಾವುದು ಒಪ್ಪುವದೆಂಬುದನ್ನು ಅವಳಿಂದಲೇ ಆರಿಸಬೇಕು. ಕನ್ನಡವು ಪ್ರದೇಶದಿಂದ ಪ್ರದೇಶಕ್ಕೆ ಭಿನ್ನವೆಂಬುದನ್ನು 'ಕವಿರಾಜಮಾರ್ಗ'ವೇ ಒಪ್ಪಿಕೊಂಡಿದೆ. ಮನೆಯ ಮಾತೆಲ್ಲ ತಪ್ಪೆಂದು ಕೆಂಪು ಶಾಯಿಯಿಂದ ಹೇಳಿದರೆ ಬಾಲಿಕೆಯು ಮಾತನ್ನಲ್ಲ, ಮನೆಯನ್ನೇ ತಪ್ಪೆಂದು ತಿಳಿಯುವಳು.

ಆದರೂ ಪ್ರಶ್ನೆಗಳಿಂದಲೇ ಎಲ್ಲವೂ ಸಾಧ್ಯವೆಂದು ನಾನು ವಾದಿಸುವದಿಲ್ಲ. ಸೇಡಂ ಚಿಂಚೋಳಿಗಳ ಗಡಿಯ ಊರುಗಳಲ್ಲಿ ತೆಲುಗು ಮನೆಮಾತಾಗಿರುವ ಮಕ್ಕಳಿದ್ದಾರೆ. ತಾಂಡಾಗಳಿಂದ ಬರುವವರ ಮನೆಮಾತು ಲಂಬಾಣಿ. ವಾಡಿ ಶಹಾಬಾದಗಳಲ್ಲಿ ದಖನಿ ಉರ್ದುವನ್ನಾಡುವವರು ಬಹಳ. ಅವರನ್ನು ಕುರಿತು, ಈ ಕನ್ನಡ ವಾಕ್ಯವು ನಿನ್ನ ಕಿವಿಗೆ ಸರಿಯಾಗಿ ಕೇಳಿಸುವದೇ ಎಂದು ಕೇಳಿದರೆ ಪ್ರಯೋಜನವಿಲ್ಲ. ಕಿವಿಗೆ ಇನ್ನೂ ರೂಢಿಯಾಗದ ನಿಯಮವನ್ನು ನೇರವಾಗಿ ಹೇಳಿಕೊಡಬೇಕು, ಒಂದು ವಾಕ್ಯದಲ್ಲಿ ತೋರಿಸಬೇಕು, ಮುಂದಿನದನ್ನು ಅವಳ ಕೈಯಿಂದ ಮಾಡಿಸಬೇಕು. ತಿಳಿಯದ್ದನ್ನು ತಿಳಿಸುವದು ಉಪದೇಶ. ತಿಳಿದದ್ದನ್ನು ಹೊರಗೆ ತರುವದು ಪ್ರಶ್ನೆ. ಯಾವುದು ಯಾವಾಗ ಬೇಕೆಂಬುದನ್ನು ಅರಿಯುವದೇ ಈ ಕೆಲಸದ ಜಾಣತನ. ಶಹಾಬಾದದ ಫರಸಿ ಕಲ್ಲನ್ನು ಎಬ್ಬಿಸುವವರು ಮೊದಲು ಪದರವನ್ನು ಹುಡುಕಿ ಅಲ್ಲಿಯೇ ಉಳಿಯನ್ನಿಡುವಂತೆ, ಪಕ್ಕದಲ್ಲಿ ಕುಳಿತವಳೂ ಮೊದಲು ನೋಡಬೇಕು, ಆಮೇಲೆ ಮಾತಾಡಬೇಕು.

ಅಂಕಗಳು ಬೇಕಲ್ಲವೇ, ಇಷ್ಟಕ್ಕೆಲ್ಲ ವೇಳೆಯೆಲ್ಲಿ ಎಂದು ಪೋಷಕರು ಕೇಳುವರು. ಅವರ ಚಿಂತೆಯು ನ್ಯಾಯವಾದದ್ದೇ. ಬಡತನದಿಂದ ಬಂದ ಬಾಲಿಕೆಗೆ ಅಂಕವೇ ಮುಂದಿನ ಬಾಗಿಲು. ಆದರೆ ಬಾಗಿಲನ್ನು ದಾಟಿದ ಮೇಲೆ ಕಲಬುರಗಿಯ ಕಾಲೇಜಿನಲ್ಲಿ ಅವಳು ಪ್ರಯೋಗದ ವರದಿಯನ್ನೂ, ಉದ್ಯೋಗದ ಅರ್ಜಿಯನ್ನೂ, ನಾಳೆ ರೋಗಿಯ ಸ್ಥಿತಿಯನ್ನೋ ಗ್ರಾಮಸಭೆಯ ದೂರನ್ನೋ ತಾನೇ ಬರೆಯಬೇಕಾಗುವದು. ಅಲ್ಲಿ ಮಾರ್ಗದರ್ಶಿಯಿಲ್ಲ. ಯಂತ್ರವು ಬರೆದುಕೊಟ್ಟರೂ, ಬರೆದದ್ದು ನಿಜವೋ ಸುಳ್ಳೋ ಎಂದು ನೋಡಿ ಸಹಿ ಮಾಡುವ ಹೊಣೆಯು ಅವಳದೇ. ಬರೆಯಲು ಬಾರದವಳು ಪರರ ಬರಹವನ್ನು ಪರೀಕ್ಷಿಸಲಾರಳು. ಅವಳು ಪುನಃ ಹೆಬ್ಬೆಟ್ಟಿಗೇ ಬಂದು ನಿಲ್ಲುವಳು.

ಐವತ್ತು ಅರವತ್ತು ಮಕ್ಕಳ ತರಗತಿಯಲ್ಲಿ ಒಬ್ಬ ಶಿಕ್ಷಕಿಯು ಎಲ್ಲರ ಪಕ್ಕದಲ್ಲಿಯೂ ಕೂಡ್ರಲಾರಳೆಂಬುದು ನಿಜವೇ. ಆದುದರಿಂದಲೇ ಹೊರದೇಶದ ಕೇಂದ್ರಗಳಲ್ಲಿಯೂ ಈ ಕೆಲಸವನ್ನು ಬಹುಮಟ್ಟಿಗೆ ತರಬೇತಿ ಹೊಂದಿದ ವಿದ್ಯಾರ್ಥಿಗಳೇ ಮಾಡುವರು. ಹತ್ತನೆಯ ತರಗತಿಯ ಬಾಲಿಕೆಯು ಎಂಟನೆಯದರವಳ ಪಕ್ಕದಲ್ಲಿ ಕೂಡ್ರಬಹುದು. ಕೇಳುವದರಿಂದ ಕೇಳಿದವಳಿಗೂ ಲಾಭವುಂಟು. ಶನಿವಾರದ ಶಾಲೆ ಬಿಟ್ಟ ಮೇಲೆ ಒಂದು ತಾಸು, ಎರಡು ಬೆಂಚು, ಕೆಲವು ಪೆನ್ಸಿಲು. ಇದಕ್ಕಿಂತ ಹೆಚ್ಚಿನ ವೆಚ್ಚವಿಲ್ಲ. ಹಳೆಯ ವಿದ್ಯಾರ್ಥಿನಿಯರಲ್ಲಿ ಶಿಕ್ಷಕಿಯರು, ದಾದಿಯರು, ಗುಮಾಸ್ತೆಯರು, ಗೃಹಿಣಿಯರು ಇದ್ದೀರಿ. ವಾಡಿ, ಶಹಾಬಾದ, ಚಿತ್ತಾಪುರ, ಸೇಡಂಗಳವರಿಗೆ ರೈಲುಗಾಡಿಯುಂಟು. ಚಿಂಚೋಳಿಯವರಿಗೆ ಬಸ್ಸಿನ ದಾರಿಯು ತುಸು ದೀರ್ಘವಾದದ್ದು. ತಿಂಗಳಿಗೊಮ್ಮೆಯಾದರೂ ಬಂದು ಒಬ್ಬ ಬಾಲಿಕೆಯ ಪಕ್ಕದಲ್ಲಿ ಕೂಡ್ರಿರೆಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಪಾಂಡಿತ್ಯವು ಬೇಕಿಲ್ಲ, ತಾಳ್ಮೆಯಿಂದ ಕೇಳುವ ಕಿವಿಯಿದ್ದರೆ ಸಾಕು.

ತಾಯಿತಂದೆಗಳಲ್ಲಿ ನನ್ನ ಬಿನ್ನಹವು ಇನ್ನೂ ಚಿಕ್ಕದು. ಮಗಳು ಬರೆದದ್ದನ್ನು ಅವಳಿಂದಲೇ ಗಟ್ಟಿಯಾಗಿ ಓದಿಸಿ ಕೇಳಿರಿ. ನಿಮಗೆ ಓದು ಬಾರದಿದ್ದರೂ ಚಿಂತೆಯಿಲ್ಲ. ತಿಳಿಯದ ಕಡೆಯಲ್ಲಿ, "ಇದು ನನಗೆ ತಿಳಿಯಲಿಲ್ಲವ್ವಾ, ಮತ್ತೊಮ್ಮೆ ಹೇಳು" ಎನ್ನಿರಿ. ಅವಳು ಹೇಳಿದಾಗ, ಅದನ್ನೇ ಬರೆ ಎನ್ನಿರಿ. ಲೇಖನಿಯನ್ನು ಮಾತ್ರ ಅವಳ ಕೈಯಿಂದ ತೆಗೆದುಕೊಳ್ಳಬೇಡಿರಿ.