ಸೇನೆ ಬಂತು, ಸೇನೆ ಹೋಯ್ತು: ಬಾಕಿ ಯಾರ ತಲೆಗೆ? (ಭಾಗ 4)

"ಅಫ್ಘನ್ ಸೈನಿಕರು ಹೇಡಿಗಳು, ಹೋರಾಡದೇ ಓಡಿಹೋದ್ರು" ಅನ್ನೋ ರೀಲ್ಸ್ ನೀವೂ ನೋಡಿರ್ತೀರಿ. ಲೈಕ್ ಒತ್ತೋ ಮುಂಚೆ ಈ ಲೆಕ್ಕ ನೋಡಿ.

2001ರಿಂದ 2021ರವರೆಗೆ ಅಲ್ಲಿ ಸತ್ತ ಅಮೆರಿಕದ ಸೈನಿಕರು ಸುಮಾರು 2,400. ಸತ್ತ ಅಫ್ಘನ್ ಸೈನಿಕರು ಮತ್ತು ಪೊಲೀಸರು 65,000ಕ್ಕೂ ಹೆಚ್ಚು. ಹೋರಾಡದವರು ಇಷ್ಟು ಜನ ಸಾಯ್ತಾರಾ?

ಹಾಗಾದ್ರೆ ಆ ಸೇನೆ ಕುಸಿದಿದ್ದು ಯಾಕೆ?

👉 2009, ಡಿಸೆಂಬರ್ 1. ಇನ್ನೂ 30,000 ಸೈನಿಕರನ್ನ ಕಳಿಸ್ತೀವಿ ಅಂದರು ಒಬಾಮ. ಅದೇ ಭಾಷಣದಲ್ಲಿ, 2011ರ ಜುಲೈನಿಂದ ವಾಪಸ್ ಕರೆಸಿಕೊಳ್ಳೋಕೆ ಶುರು ಮಾಡ್ತೀವಿ ಅಂತಲೂ ಅಂದರು. ಅಮೆರಿಕದ ಮತದಾರರಿಗೆ ಅದು ಸಮಾಧಾನ. ತಾಲಿಬಾನ್‌ಗೆ ಮಾತ್ರ ಕಾಯೋಕೆ ಒಂದು ತಾರೀಖು ಸಿಕ್ಕಿತು.

👉 2020, ಫೆಬ್ರವರಿ 29, ದೋಹಾ. ಟ್ರಂಪ್ ಸರ್ಕಾರ ತಾಲಿಬಾನ್ ಜೊತೆ ಒಪ್ಪಂದಕ್ಕೆ ಸಹಿ ಹಾಕ್ತು, 14 ತಿಂಗಳಲ್ಲಿ ಹೊರಡ್ತೀವಿ ಅಂತ. ಅಫ್ಘನ್ ಸರ್ಕಾರಕ್ಕೆ ಆ ಒಪ್ಪಂದದಲ್ಲಿ ಸಹಿಯೇ ಇಲ್ಲ. ಆದ್ರೆ 5,000 ತಾಲಿಬಾನ್ ಕೈದಿಗಳನ್ನ ಬಿಡಬೇಕಾಗಿ ಬಂದಿದ್ದು ಅದೇ ಸರ್ಕಾರಕ್ಕೆ!

👉 2021. ಸೈನಿಕರ ಜೊತೆ, ಅಫ್ಘನ್ ವಾಯುಪಡೆಯ ವಿಮಾನ ರಿಪೇರಿ ಮಾಡ್ತಿದ್ದ ಗುತ್ತಿಗೆ ಮೆಕ್ಯಾನಿಕ್‌ಗಳೂ ಹೊರಟರು. ಬಗ್ರಾಮ್ ನೆಲೆ ರಾತ್ರೋರಾತ್ರಿ ಖಾಲಿ. ಅಲ್ಲಿನ ಅಫ್ಘನ್ ಕಮಾಂಡರ್‌ಗೆ ಗೊತ್ತಾಗಿದ್ದು ಅವರು ಹೋದ ಮೇಲೆ. ಆಗಸ್ಟ್ 15ಕ್ಕೆ ಕಾಬೂಲ್ ತಾಲಿಬಾನ್ ಕೈ ಸೇರಿತು. ಮಾರನೇ ದಿನ ಬೈಡನ್ ಹೇಳಿದ್ದೇನು? ಅಫ್ಘನ್ನರೇ ಹೋರಾಡೋಕೆ ತಯಾರಿಲ್ಲದ ಯುದ್ಧದಲ್ಲಿ ನಮ್ಮವರು ಸಾಯಬಾರದು ಅಂತ.

ಅಲ್ಲಿನ ಸರ್ಕಾರದ ಭ್ರಷ್ಟಾಚಾರ ನಿಜ. ಹಾಜರಿ ಪುಸ್ತಕದಲ್ಲಿ ಮಾತ್ರ ಇದ್ದ ಸೈನಿಕರ ಹೆಸರಲ್ಲಿ ಸಂಬಳ ನುಂಗಿದ್ದು ನಿಜ. ಅಧ್ಯಕ್ಷ ಘನಿ ದೇಶ ಬಿಟ್ಟು ಹೋಗಿದ್ದೂ ನಿಜ. ಆದ್ರೆ ಮೇಲಿನವರು ಮಾಡಿದ್ದಕ್ಕೆ, ಚೆಕ್‌ಪೋಸ್ಟಲ್ಲಿ ಬಂದೂಕು ಹಿಡಿದು ನಿಂತವನನ್ನ ಯಾಕೆ ಬೈತೀರಿ?

ಅಮೆರಿಕ ಇನ್ನೂ 20 ವರ್ಷ ಅಲ್ಲೇ ಇರಬೇಕಿತ್ತು ಅಂತ ನಾನು ಹೇಳ್ತಿಲ್ಲ. ಹೋಗಬೇಕಾದವರು ಹೋಗಲೇಬೇಕು. ಆದ್ರೆ ಬಿಕಾಂ ಮೊದಲ ಸೆಮಿಸ್ಟರಲ್ಲೇ ಕಲಿಸ್ತಾರೆ, ಪಾಲುದಾರ ಹೊರಗೆ ಹೋಗುವಾಗ ಅವನ ಪಾಲಿನ ಸಾಲವೂ ಲೆಕ್ಕಕ್ಕೆ ಬರಬೇಕು ಅಂತ. ಇಲ್ಲಿ ಮೂರು ಅಧ್ಯಕ್ಷರ ಸಾಲವನ್ನ ಸತ್ತವರ ಖಾತೆಗೆ ಬರೆದು "ಚುಕ್ತಾ" ಅಂದುಬಿಟ್ರು. ನಾವು ಇಲ್ಲಿ ಕೂತು ಅದಕ್ಕೆ ಲೈಕ್ ಒತ್ತುತ್ತಿದ್ದೀವಿ.

ಮುಂದಿನ ಸಲ ಆ ರೀಲ್ ಬಂದ್ರೆ ಜಗಳ ಆಡಬೇಡಿ. ಕಾಮೆಂಟಲ್ಲಿ ಒಂದೇ ಸಂಖ್ಯೆ ಬರೀರಿ: 65,000.

#ಅಫ್ಘಾನಿಸ್ತಾನ #ಯುದ್ಧದಲೆಕ್ಕ #ಕನ್ನಡ