ಹೆಚ್ಚು ಎಚ್.ಪಿ. ಮೋಟರ್ ಹಾಕಿದರೆ ಹಾಯಿದೋಣಿ ಹೆಚ್ಚು ವೇಗವಾಗಿ ಹೋಗುತ್ತದೆಯೇ?

"5 ಎಚ್.ಪಿ. ಬದಲು 10 ಎಚ್.ಪಿ. ಹಾಕಿ, ದೋಣಿ ಡಬಲ್ ಸ್ಪೀಡಲ್ಲಿ ಓಡುತ್ತೆ." ದೋಣಿ ವಿಡಿಯೊಗಳ ಜೊತೆ ಇಂಥ ಸಲಹೆಯನ್ನು ನೀವೂ ನೋಡಿರಬಹುದು. ಬೈಕಿನ ಲೆಕ್ಕ ನೀರಿಗೂ ಹೊಂದುತ್ತದೆ ಎಂಬ ನಂಬಿಕೆ ಇದು. ಸಣ್ಣ ಹಾಯಿದೋಣಿಯ ಮಟ್ಟಿಗೆ ಇದು ತಪ್ಪು, ಕೆಲವೊಮ್ಮೆ ಅಪಾಯ ಕೂಡ.

ದೋಣಿ ಮುಂದೆ ಹೋಗುವಾಗ ನೀರನ್ನು ತಳ್ಳಿ ಅಲೆ ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ಉದ್ದವಾಗುತ್ತದೆ. ಒಂದು ಹಂತದಲ್ಲಿ ಅಲೆಯ ಉದ್ದ ದೋಣಿಯಷ್ಟೇ ಆಗುತ್ತದೆ. ಆಗ ದೋಣಿಯ ಮುಂಭಾಗ ಅಲೆಯ ಮೇಲೆ ಏರಿ, ಹಿಂಭಾಗ ಕುಸಿಯತೊಡಗುತ್ತದೆ. ಇನ್ನೂ ವೇಗ ಬೇಕೆಂದರೆ ತಾನೇ ಎಬ್ಬಿಸಿದ ಅಲೆಯ ಗುಡ್ಡವನ್ನು ಅದು ಹತ್ತಬೇಕು! ಈ ಮಿತಿಗೊಂದು ಸರಳ ಸೂತ್ರವಿದೆ: ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ನಾಟ್ ಲೆಕ್ಕದಲ್ಲಿ ವೇಗ ಸಿಗುತ್ತದೆ. 20 ಅಡಿಯ ದೋಣಿಗೆ ಅದು ಸುಮಾರು 6 ನಾಟ್, ಅಂದರೆ ಗಂಟೆಗೆ 11 ಕಿ.ಮೀ. ಶಾಂತ ನೀರಿನಲ್ಲಿ ಒಂದು ಟನ್ ತೂಕದ ಹಾಯಿದೋಣಿಯನ್ನು ಅಲ್ಲಿಗೆ ಮುಟ್ಟಿಸಲು 4–5 ಎಚ್.ಪಿ. ಸಾಕು. ಮೋಟರ್ ದುಪ್ಪಟ್ಟು ಮಾಡಿದರೆ ಇಂಧನದ ಖರ್ಚು ಏರುತ್ತದೆ, ವೇಗ ಏರುವುದು ಸ್ವಲ್ಪವೇ. ಚಪ್ಪಟೆ ತಳದ ಹಗುರ ಸ್ಪೀಡ್‌ಬೋಟ್‌ಗಳ ಕಥೆ ಬೇರೆ. ಅವು ನೀರಿನ ಮೇಲೆದ್ದು ಜಾರುತ್ತವೆ. ಫಾರ್ವರ್ಡ್ ಮಾಡುವವರು ಬೆರೆಸಿಬಿಡುವುದು ಈ ಎರಡನ್ನೇ.

ಹಾಗಾದರೆ ನಮ್ಮ ಕರಾವಳಿಯ ನಾಡದೋಣಿಗಳವರು 10 ಎಚ್.ಪಿ. ಹಾಕುತ್ತಾರಲ್ಲ? ಜೂನ್–ಜುಲೈ ಮೀನುಗಾರಿಕೆ ನಿಷೇಧದಲ್ಲೂ ಅಷ್ಟರವರೆಗೆ ವಿನಾಯಿತಿ ಇದೆಯಲ್ಲ? ಅಲ್ಲಿ ಬಲೆ, ಮೀನು, ಜನರ ಹೊರೆ ಇರುತ್ತದೆ, ಎದುರಿನಿಂದ ಬಡಿಯುವ ತೆರೆಯನ್ನು ದಾಟಬೇಕಿರುತ್ತದೆ. ಅವರಿಗೆ ಬೇಕಾದದ್ದು ತಳ್ಳುವ ಬಲ. ಗಾಳಿ ನಿಂತಾಗ ದಡ ಸೇರಲೆಂದು ಮೋಟರ್ ಇಟ್ಟುಕೊಳ್ಳುವ ಹಾಯಿದೋಣಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ.

ತೂಕದ ವಿಷಯವನ್ನು ಯಾರೂ ಹೇಳುವುದೇ ಇಲ್ಲ. 5 ಎಚ್.ಪಿ. ಮೋಟರ್ ಸುಮಾರು 25 ಕೆ.ಜಿ. ಇದ್ದರೆ, 10 ಎಚ್.ಪಿ.ಯದು 40 ಕೆ.ಜಿ. ಮುಟ್ಟುತ್ತದೆ. ಇದು ತೂಗುವುದು ದೋಣಿಯ ತೀರಾ ಹಿಂತುದಿಯಲ್ಲಿ. ಹಗ್ಗ ಎಳೆದು ಸ್ಟಾರ್ಟ್ ಮಾಡಲು ಒಬ್ಬರು ಅಲ್ಲೇ ಬಾಗುತ್ತಾರೆ. ಹಿಂಭಾಗ ತಗ್ಗಿದಾಗ ಹಿಂದಿನಿಂದ ಬಂದ ಒಂದು ಅಲೆ ಒಳಗೆ ನುಗ್ಗಲು ಸಾಕು.

ವೇಗಕ್ಕಿಂತ ನಾವು ಹೆಚ್ಚು ಗಮನಿಸಬೇಕಾದದ್ದು ಶಾಫ್ಟ್‌ನ ಉದ್ದ. ಔಟ್‌ಬೋರ್ಡ್ ಮೋಟರ್‌ಗಳು ಸಾಮಾನ್ಯವಾಗಿ 15, 20, 25 ಇಂಚಿನ ಶಾಫ್ಟ್‌ಗಳಲ್ಲಿ ಸಿಗುತ್ತವೆ. ಅಲೆಗೆ ಹಾಯಿದೋಣಿಯ ಹಿಂಭಾಗ ಎದ್ದಾಗ ಗಿಡ್ಡ ಶಾಫ್ಟ್‌ನ ಪ್ರೊಪೆಲ್ಲರ್ ಮೇಲಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಎಂಜಿನ್ ಕಿರುಚುತ್ತದೆ, ದೋಣಿ ಮಾತ್ರ ಕದಲುವುದಿಲ್ಲ. ತಂಪಿಗೆ ನೀರು ಹೀರುವ ರಂಧ್ರವೂ ಮೇಲೆ ಬಂದರೆ ಎಂಜಿನ್ ಬಿಸಿಯಾಗಿ ಕೆಡುತ್ತದೆ. ಇದನ್ನು 'ಕ್ಯಾವಿಟೇಶನ್' ಎನ್ನುವವರೇ ಹೆಚ್ಚು, ಅದು ತಪ್ಪು. ಒತ್ತಡ ಇಳಿದು ನೀರೇ ಆವಿಯ ಗುಳ್ಳೆಯಾಗುವುದು ಕ್ಯಾವಿಟೇಶನ್. ಗಾಳಿ ಸೇರಿಕೊಳ್ಳುವುದು ವೆಂಟಿಲೇಶನ್. ಪ್ರೊಪೆಲ್ಲರ್ ಮೇಲಿರುವ ಅಡ್ಡ ತಟ್ಟೆ ಇರುವುದು ಈ ಗಾಳಿಯನ್ನು ತಡೆಯಲು. ಅದು ದೋಣಿಯ ತಳದ ಮಟ್ಟದಲ್ಲಿ ಅಥವಾ ಒಂದೆರಡು ಇಂಚು ಕೆಳಗೆ ಇರಬೇಕು. ಹಾಯಿದೋಣಿಯ ಹಿಂಬದಿ ಎತ್ತರವಿದ್ದರೆ ಏರಿಸಿ ಇಳಿಸುವ ಬ್ರಾಕೆಟ್ ಬೇಕಾಗುತ್ತದೆ.

ಮಧ್ಯದಲ್ಲಿ ಚುಕ್ಕಾಣಿ ಇರುವುದರಿಂದ ಬ್ರಾಕೆಟ್ ಒಂದು ಬದಿಗೆ ಕೂರುತ್ತದೆ. ಹಾಗಾಗಿ ದೋಣಿ ಸ್ವಲ್ಪ ಓರೆಗೆ ಎಳೆಯುವುದು ಸಹಜ, ಮೋಟರ್ ಕೆಟ್ಟಿದೆ ಎಂದಲ್ಲ. ಬರಿಯ ಸ್ಕ್ರೂ ಹೊಡೆದು ಕೂರಿಸುವುದು ಬೇಡ. ಹಲಗೆಯ ಆಚೆಗೆ ಹಾಯುವ ಬೋಲ್ಟ್, ಒಳಗಡೆ ಅಗಲ ಪಟ್ಟಿ, ತೂತುಗಳಿಗೆ ಸೀಲಂಟ್ ಇರಲಿ. ಕ್ಲ್ಯಾಂಪ್‌ಗಳು ಅದುರಿ ಸಡಿಲವಾಗುತ್ತವೆ. ಮೊದಲ ಹತ್ತು ನಿಮಿಷದ ಓಟದ ನಂತರ ಮತ್ತೊಮ್ಮೆ ಬಿಗಿಮಾಡಿ, ಮೋಟರನ್ನು ಗಟ್ಟಿ ಹಗ್ಗದಿಂದ ದೋಣಿಗೂ ಕಟ್ಟಿಡಿ. ಹಾಯಿ ಬಿಚ್ಚಿದಾಗ ಮೋಟರನ್ನು ಮೇಲೆತ್ತದಿದ್ದರೆ ಪ್ರೊಪೆಲ್ಲರ್ ದೋಣಿಯನ್ನು ಹಿಂದೆಳೆಯುತ್ತದೆ.

ಕೊನೆಗೆ ಕೆಂಪು ಬಳ್ಳಿಯ ಮಾತು. "ನಾನು ಬಿದ್ದರೆ ದೋಣಿ ನೆಟ್ಟಗೆ ಹೋಗಿಬಿಡುತ್ತೆ, ನನಗೇನೂ ಆಗಲ್ಲ" ಎಂದು ಹಲವರು ಅದನ್ನು ಕೈಗೆ ಕಟ್ಟುವುದಿಲ್ಲ. ಹಿಡಿಕೆ ಬಿಟ್ಟರೆ ಮೋಟರ್ ಒಂದು ಕಡೆ ತಿರುಗಿ, ದೋಣಿ ಸುತ್ತು ಹಾಕತೊಡಗುತ್ತದೆ. ತಿರುಗುತ್ತಿರುವ ಪ್ರೊಪೆಲ್ಲರ್ ಹಿಡಿದು ಅದು ಬಿದ್ದವನ ಬಳಿಗೇ ಮರಳಿ ಬರಬಹುದು. ಆ ಬಳ್ಳಿ ಕಿತ್ತುಬಂದ ಕೂಡಲೇ ಎಂಜಿನ್ ನಿಲ್ಲುತ್ತದೆ. ಹಗ್ಗ ಎಳೆದು ಸ್ಟಾರ್ಟ್ ಮಾಡುವ ಮೊದಲೇ ಅದು ನಿಮ್ಮ ಮಣಿಕಟ್ಟಿನಲ್ಲೋ ಲೈಫ್ ಜಾಕೆಟ್‌ನಲ್ಲೋ ಇರಬೇಕು.