ಆಲೆಮನೆಗೆ ಬಂದ ಸ್ಕ್ಯಾನಿಂಗ್ ಮಷೀನು ನಮ್ಮ ಆಸ್ಪತ್ರೆ ಬೆಡ್ ಪಕ್ಕಕ್ಕೆ ಯಾಕೆ ಬರಲ್ಲ?

ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

2023ರ ಕೊನೆಯಲ್ಲಿ ಮಂಡ್ಯ ಕಡೆ ಆಲೆಮನೆಯಲ್ಲಿ ಮಷೀನಿಟ್ಟು ಹೆಣ್ಣು ಭ್ರೂಣ ಪತ್ತೆ ಮಾಡ್ತಿದ್ದ ಜಾಲ ಸಿಕ್ಕಿಬಿತ್ತಲ್ಲ, ನೆನಪಿದೆಯಾ? ಬೆಲ್ಲ ಕಾಯಿಸೋ ಜಾಗಕ್ಕೂ ಮಷೀನು ಬಂತು, ಅದನ್ನ ಹಿಡಿಯೋ ಕೈನೂ ಬಂತು. ಅದೇ ಮಷೀನು ತಾಲ್ಲೂಕು ಆಸ್ಪತ್ರೆಯ ಎಮರ್ಜೆನ್ಸಿಗೆ ಬರಬೇಕು ಅಂದಾಗ ಮಾತ್ರ ಎಲ್ಲರಿಗೂ ಕಾನೂನು ನೆನಪಾಗುತ್ತೆ.

ನನ್ನ ಚಿಕ್ಕಮ್ಮನ ಮಗಳು. ಹೆಸರು ಬೇಡ. ಎರಡು ತಿಂಗಳಿಂದ ಮುಟ್ಟು ನಿಂತಿತ್ತು. ಒಂದು ಶನಿವಾರ ರಾತ್ರಿ ಹೊಟ್ಟೆನೋವು ತಡೆಯೋಕಾಗದೆ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಸ್ಕ್ಯಾನಿಂಗ್ ರೂಮಿಗೆ ಬೀಗ. ಬಾಗಿಲ ಮೇಲೆ "ಸ್ಕ್ಯಾನಿಂಗ್ ಗುರುವಾರ ಮಾತ್ರ" ಅಂತ ಚೀಟಿ. ಡ್ಯೂಟಿ ಡಾಕ್ಟರು ಚಿಕ್ಕ ಹುಡುಗ, ಕೆಟ್ಟೋನಲ್ಲ. "ಒಳಗೆ ರಕ್ತ ಸೋರ್ತಿರಬಹುದು ಅಣ್ಣ, ಖಚಿತವಾಗಿ ಹೇಳೋಕಾಗ್ತಿಲ್ಲ" ಅಂದ. ಆ ಖಚಿತ ಇಲ್ಲದಿರೋದರಲ್ಲೇ ಎರಡು ಗಂಟೆ ಹೋಯ್ತು. ಜಿಲ್ಲಾಸ್ಪತ್ರೆ ದಾರಿಯಲ್ಲೇ ನಮ್ಮ ಹುಡುಗಿ ಹೋಗ್ಬಿಟ್ಲು. ಬಸಿರು ಗರ್ಭಕೋಶದ ಹೊರಗೆ, ನಾಳದಲ್ಲಿ ನಿಂತು ಒಡೆದಿತ್ತು.

ಆಮೇಲೆ ಕೇಳಿ, ಓದಿ ತಿಳ್ಕೊಂಡೆ. ನಾನು ಬಿಎ ಓದಿದ ಗುಮಾಸ್ತ, ಡಾಕ್ಟರಲ್ಲ. ಹೊಟ್ಟೆಯೊಳಗೆ ರಕ್ತ ಸೋರಿ ನಿಂತ್ರೆ ಪರದೆ ಮೇಲೆ ಕಪ್ಪಗೆ ಕಾಣುತ್ತಂತೆ. ಲಿವರ್–ಕಿಡ್ನಿ ನಡುವೆ, ಎಡಗಡೆ ಗುಲ್ಮದ ಹತ್ರ, ಕಿಬ್ಬೊಟ್ಟೆಯಲ್ಲಿ, ಹೃದಯದ ಸುತ್ತ. ನಾಲ್ಕೇ ಜಾಗ. ಕೈ ಪಳಗಿದೋರಿಗೆ ಕೆಲವೇ ನಿಮಿಷದ ಕೆಲಸ. ಇದಕ್ಕೆ ಫಾಸ್ಟ್ ಅಂತಾರೆ. ಕಪ್ಪು ಕಾಣಲಿಲ್ಲ ಅಂದ್ರೆ ಅಪಾಯವೇ ಇಲ್ಲ ಅಂತಲ್ಲ, ಅದನ್ನೂ ಕಲಿಸಬೇಕು. ಆದ್ರೆ ಕಂಡ್ರೆ ಎರಡು ಗಂಟೆ ಕಾಯೋ ಪ್ರಶ್ನೆಯೇ ಬರಲ್ಲ.

ಇದನ್ನ ದೂರದಿಂದ ಕಲಿಸೋಕಾಗುತ್ತಾ ಅಂತೀರಾ? ಅಂತರಿಕ್ಷ ನಿಲ್ದಾಣದಲ್ಲಿ ಡಾಕ್ಟರಲ್ಲದ ಗಗನಯಾತ್ರಿಗಳು 2004ರಷ್ಟು ಹಿಂದೆಯೇ ಒಬ್ಬರ ಮೈಮೇಲೆ ಒಬ್ಬರು ಪ್ರೋಬ್ ಇಟ್ಟು ಸ್ಕ್ಯಾನ್ ಮಾಡಿದ್ರು. ಭೂಮಿ ಮೇಲೆ ಕೂತ ತಜ್ಞರು ಪರದೆ ನೋಡ್ತಾ "ಇಲ್ಲಿ ಸರಿಸಿ, ಅಲ್ಲಿ ವಾಲಿಸಿ" ಅಂತ ಹೇಳಿಕೊಟ್ರು. ಆಕಾಶಕ್ಕೆ ತಲುಪಿದ ಪಾಠ ತಾಲ್ಲೂಕಿಗೆ ತಲುಪಲ್ವಾ?

ಆದ್ರೆ ವೆಬಿನಾರ್ ಅಂತ ಮೂಗಿಗೆ ತುಪ್ಪ ಸವರೋದು ಬೇಡ. ನಮ್ಮ ಆಫೀಸಲ್ಲೂ ಆನ್‌ಲೈನ್ ತರಬೇತಿ ಆಯ್ತು. ನಾನು ಕ್ಯಾಮೆರಾ ಆಫ್ ಮಾಡಿ ಟಪಾಲು ಎಂಟ್ರಿ ಮಾಡ್ತಿದ್ದೆ, ಸಂಜೆಗೆ ಸರ್ಟಿಫಿಕೇಟ್ ಬಂತು! ಪ್ರೋಬ್ ಹಿಡಿಯೋದು ಹಾಗೆ ಬರಲ್ಲ. ಮೊದಲು ಕೆಲವು ದಿನ ಎದುರಿಗೇ ಕೂತು ಕಲೀಬೇಕು. ಆಮೇಲೆ ಒಂದು ಕ್ಯಾಮೆರಾದಲ್ಲಿ ಕಲಿಯೋರ ಕೈ, ಇನ್ನೊಂದರಲ್ಲಿ ಸ್ಕ್ಯಾನ್ ಪರದೆ, ಎರಡೂ ಕಲಿಸೋರಿಗೆ ಕಾಣಬೇಕು. ಮಾಡಿದ ಪ್ರತಿ ಸ್ಕ್ಯಾನನ್ನೂ ಉಳಿಸಿ, ವಾರವಾರ ತಪ್ಪು ತೋರಿಸಿ ತಿದ್ದಬೇಕು. ಇದೆಲ್ಲ ಡ್ಯೂಟಿ ಟೈಮಲ್ಲೇ ಆಗ್ಬೇಕು, ನೈಟ್ ಮುಗಿಸಿ ತೂಕಡಿಸೋ ಹೊತ್ತಲ್ಲಿ ಅಲ್ಲ.

ಈಗ ಕಾನೂನು. 1994ರ ಪಿಸಿಪಿಎನ್‌ಡಿಟಿ ಕಾಯ್ದೆ ತೆಗೀರಿ ಅಂತ ನಾನು ಯಾವತ್ತೂ ಹೇಳಲ್ಲ. ನನಗೂ ಹೆಣ್ಣುಮಕ್ಕಳಿದ್ದಾರೆ. 2014ರ ನಿಯಮದ ಪ್ರಕಾರ ಎಂಬಿಬಿಎಸ್ ಡಾಕ್ಟರು ಹೊಟ್ಟೆ ಸ್ಕ್ಯಾನ್ ಮಾಡೋಕೆ ಆರು ತಿಂಗಳ ತರಬೇತಿ ಬೇಕು. ಇರೋ ಒಬ್ಬ ಡಾಕ್ಟರನ್ನ ಆರು ತಿಂಗಳು ಕಳಿಸಿದ್ರೆ ರೋಗಿನ ಯಾರು ನೋಡ್ತಾರೆ? ಮಷೀನು ನೋಂದಣಿ ಆಗಲಿ, ಪ್ರತಿ ಚಿತ್ರ ಸರ್ವರ್‌ನಲ್ಲಿ ಉಳೀಲಿ, ಬೇಕಾದ್ರೆ ಭ್ರೂಣ ನೋಡೋ ಕೆಲಸ ಬೇರೆಯಾಗಿಯೇ ಇರಲಿ. ಎಮರ್ಜೆನ್ಸಿಯ ನಾಲ್ಕು ಜಾಗಕ್ಕೆ ದೂರದಿಂದ ಕಲಿಸಿ, ಪರೀಕ್ಷೆ ಮಾಡಿ, ಅನುಮತಿ ಕೊಡೋ ದಾರಿ ಮಾಡಿ. ವಿದ್ಯೆಗೆ ಬೀಗ ಹಾಕೋ ಚಾಳಿ ನಮಗೇನು ಹೊಸದಾ? ಏಕಲವ್ಯನೂ ದೂರದಿಂದಲೇ ಕಲಿತಿದ್ದ, ಅವನ ಹತ್ರ ಕೇಳಿದ್ದು ಹೆಬ್ಬೆರಳು. ಪ್ರೋಬ್ ಹಿಡಿಯೋಕೂ ಹೆಬ್ಬೆರಳು ಬೇಕು ಸ್ವಾಮಿ.

"ದುಡ್ಡಿದ್ದೋರಿಗೆ ರೇಡಿಯಾಲಜಿಸ್ಟ್, ಕಾಲೋನಿಯೋರಿಗೆ ವಿಡಿಯೋ ಕಾಲ್ ಪಾಠದ ಡಾಕ್ಟರಾ?" ಅಂತ ನಮ್ಮೋರೇ ಒಬ್ಬರು ಕೇಳಿದ್ರು. ನ್ಯಾಯವಾದ ಪ್ರಶ್ನೆ. ಇದು ರೇಡಿಯಾಲಜಿಸ್ಟ್ ಹುದ್ದೆಗೆ ಬದಲಿ ಅಲ್ಲ, ಖಾಲಿ ಹುದ್ದೆ ತುಂಬಲೇಬೇಕು. ಆದ್ರೆ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲೂ ರಾತ್ರಿ ಬೆಡ್ ಪಕ್ಕ ಪ್ರೋಬ್ ಹಿಡಿಯೋದು ಎಮರ್ಜೆನ್ಸಿ ಡಾಕ್ಟರೇ. ನಾವು ಕೇಳ್ತಿರೋದೂ ಅದನ್ನೇ. ದುಡ್ಡಿಲ್ಲ ಅಂತ ಹೇಳ್ಬೇಡಿ. 2013ರ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ ದುಡ್ಡು ಎಲ್ಲೆಲ್ಲಿಗೆ ಹರೀತಿದೆ ಅಂತ ನಮಗೂ ಗೊತ್ತು.

ಮನವಿ ಟೈಪ್ ಆಗಿದೆ. ಸೋಮವಾರ 11 ಗಂಟೆಗೆ ಡಿಎಚ್‌ಒ ಕಚೇರಿ ಮುಂದೆ ಸೇರ್ತೀವಿ. ನಾನು ಅರ್ಧ ದಿನ ಸಿಎಲ್ ಹಾಕಿದ್ದೀನಿ. ಸ್ವೀಕೃತಿ ಸೀಲು ಬೀಳೋವರೆಗೂ ಅಲ್ಲಿಂದ ಕದಲಲ್ಲ. ಬೀಗ ಹಾಕಿದ ಸ್ಕ್ಯಾನಿಂಗ್ ರೂಮು ನಿಮ್ಮ ತಾಲ್ಲೂಕಲ್ಲೂ ಇದ್ರೆ ಬಾಗಿಲ ಫೋಟೋ ತಗೊಂಡು ಬನ್ನಿ.